ಐವತ್ತೈದು ಎಚ್‌ಪಿಗೊಂದು ಮೂಗುದಾಣ

ಸತ್ತವರ ಮನೆಯ ಕಟ್ಟೆಯ ಮೇಲೆ ಕುಳಿತವರಷ್ಟು ಉದಾರಿಗಳು ಲೋಕದಲ್ಲಿ ಬೇರೆ ಯಾರೂ ಇಲ್ಲ. ಹೋದ ಶ್ರಾವಣದಲ್ಲಿ ಟ್ರ್ಯಾಕ್ಟರ್ ಕಾಕಾನನ್ನು ಮಣ್ಣು ಮಾಡಿ ಬಂದು ಕುಳಿತ ಮಂದಿ, ಪಕ್ಕದ ಮನೆಯಿಂದ ಚಹಾ ಬರುವುದರೊಳಗೆ ಅವನನ್ನು ಅರ್ಧ ದೇವರನ್ನಾಗಿ ಮಾಡಿ ಮುಗಿಸಿದ್ದರು.

"ಏನ್ ಕೈ ರೀ ಅವಂದು! ಬಿತ್ತಿಗಿ ಅಂದ್ರ ಬಿತ್ತಿಗಿ. ದಾರ ಹಿಡದಂಗ ಸಾಲು."

"ಒಂದ ಕಾಳು ಹೆಚ್ಚಿಲ್ಲ, ಒಂದ ಕಾಳು ಕಡಿಮಿಲ್ಲ."

"ಇನ್ನ ಅಂಥಾ ಕೈ ಎಲ್ಲಿ ಹುಟ್ಟಬೇಕು ಬಿಡ್ರಿ."

ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ನಾನು ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಸತ್ತವರ ಮನೆಯಲ್ಲಿ ಖರೆ ಮಾತಾಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಬರೆಯುವುದಕ್ಕೆ ಅಡ್ಡಿಯಿಲ್ಲ. ಆ ಕಟ್ಟೆಯ ಮೇಲೆ ಕುಳಿತವರು ಪುಸ್ತಕ ಓದುವ ಪೈಕಿ ಅಲ್ಲ.

ಅವನು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಹುನಗುಂದ ಸೀಮೆಯ ನಮ್ಮೂರಿನಲ್ಲಿ ಅಪ್ಪನ ವಾರಿಗೆಯವರೆಲ್ಲ ಕಾಕಾಗಳೇ. ಅಪ್ಪ ನನಗೆ ಬಿಟ್ಟುಹೋದ ನಾಲ್ಕು ಎಕರೆ ಎರೆ ಹೊಲ ಅವನ ಹೊಲಕ್ಕೆ ಹತ್ತಿಕೊಂಡೇ ಇದೆ. ನಾನು ಇಳಕಲ್ಲಿನ ಸಾಲೆಯಲ್ಲಿ ಕಲಿಸುವವಳು. ಸೀರೆಗೆ ಕರಿಮಣ್ಣು ಹತ್ತೀತೆಂದು ಒಡ್ಡಿನ ಮೇಲೆ ನಿಂತೇ ಒಕ್ಕಲುತನ ಮಾಡುವವಳು. ಹೀಗಾಗಿ ನನ್ನ ಹೊಲದ ಬಿತ್ತಿಗೆಯ ಭಾರವೆಲ್ಲ ಕಾಕಾನದೇ. ಚಿಕ್ಕಂದಿನಲ್ಲಿ ನನ್ನನ್ನು "ಏ ಹುಡುಗಿ" ಅನ್ನುತ್ತಿದ್ದವನು ನೌಕರಿ ಸಿಕ್ಕ ದಿನದಿಂದ, ಶಿಕ್ಷಕಿಗೆ ಅನ್ನುವಂತೆ, "ಅಕ್ಕೋರ" ಅನ್ನತೊಡಗಿದ. ಮರ್ಯಾದೆಗೆ ಅಂದುಕೊಳ್ಳಬೇಡಿ. "ಅಕ್ಕೋರ, ನಿಮಗೇನ್ ತಿಳೀತೈತಿ" ಎಂಬ ಮಾತು "ಏ ಹುಡುಗಿ, ನಿನಗೇನ್ ತಿಳೀತೈತಿ" ಎಂಬುದಕ್ಕಿಂತ ಚೆನ್ನಾಗಿ ನಾಟುತ್ತದೆ, ಅಷ್ಟೇ.

ಕಾಕಾನ ಮುಖ್ಯ ಗುಣ ಒಂದೇ. ಅವನಿಂದ ತಪ್ಪು ಆಗುತ್ತಿರಲಿಲ್ಲ. ಟ್ರೇಲರ್ ಹಿಂದಕ್ಕೆ ತೆಗೆಯುವಾಗ ಹಿಟ್ಟಿನ ಗಿರಣಿಯ ಗೋಡೆ ಬಿತ್ತು; "ಗ್ವಾಡಿ ಕಟ್ಟಾವ್ರು ಜಾಗಾ ನೋಡಿ ಕಟ್ಟಬೇಕಿತ್ತು" ಎಂದ. ಅವನ ಕೈಗಡಿಯಾರ ಹತ್ತು ನಿಮಿಷ ಹಿಂದಿತ್ತು. ಆದ್ದರಿಂದ ಇಳಕಲ್ ಬಸ್ಸು ದಿನಾಲೂ ಹತ್ತು ನಿಮಿಷ ಲಗೂ ಬರುತ್ತಿತ್ತು. ಅದಕ್ಕಾಗಿ ಡ್ರೈವರನಿಗೆ ಬೈದೂ ಬಂದ. ಮಗಳ ಲಗ್ನಪತ್ರಿಕೆಯಲ್ಲಿ ಅಳಿಯನ ಹೆಸರು ಬೇರೆಯೇ ಅಚ್ಚಾಗಿ ಬಂದಾಗ ಅಳಿಯನನ್ನೇ ಕರೆದು, "ಯಾವುದಕ್ಕೂ ನಿಮ್ಮ ಸಾಲಿ ದಾಖಲೇದಾಗ ಒಮ್ಮಿ ನೋಡ್ಕೋರಿ" ಅಂದನಂತೆ. 'ತಪ್ಪಾತು' ಎಂಬ ಶಬ್ದ ಕಾಕಾನ ಬಾಯಿಂದ ಬಂದದ್ದನ್ನು ಕೇಳಿದವರಿಗೆ ಹೋಳಿಗೆ ಊಟ ಹಾಕಿಸುತ್ತೇನೆ ಎಂದು ನಾನು ಒಮ್ಮೆ ಊರಿಗೆಲ್ಲ ಸಾರಿದ್ದೆ. ಇಂದಿಗೂ ಯಾರೂ ಊಟ ಕೇಳಿಲ್ಲ.

ಅವನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಹಿಂಗಾರಿ ಜೋಳಕ್ಕೆ ಯಾರೂ ನೀರು ಕಟ್ಟುವುದಿಲ್ಲ. ಮಳೆ ನಿಂತು ಎರೆ ಭೂಮಿ ಹದಕ್ಕೆ ಬಂದ ಎಂಟು ಹತ್ತು ದಿನದೊಳಗೆ ಕಾಳು ನೆಲಕ್ಕೆ ಬೀಳಬೇಕು. ಆಮೇಲೆ ಒಳಗಿನ ಹಸಿ, ಮೇಲಿನ ಇಬ್ಬನಿ, ಇವೆರಡನ್ನೇ ನೆಚ್ಚಿ ಬೆಳೆ ಏಳಬೇಕು. ಕಾಳು ದಟ್ಟವಾದರೆ ಸಸಿಗಳು ಹಸಿಗಾಗಿ ಬಡಿದಾಡಿ ಸೊರಗುತ್ತವೆ, ತೆಳುವಾದರೆ ಹೊಲ ಬೋಳಾಗುತ್ತದೆ. ಅದಕ್ಕೇ ಬಿತ್ತುವ ಕೈಗೆ ಊರಿನಲ್ಲಿ ಅಷ್ಟು ಬೆಲೆ.

ಟ್ರ್ಯಾಕ್ಟರಿನ ಹಿಂದೆ ಕೂರಿಗೆ, ಕೂರಿಗೆಗೆ ಕಟ್ಟಿದ ಹಲಗೆ, ಹಲಗೆಯ ಮೇಲೆ ಕಾಕು, ಅಂದರೆ ಕಾಕಾನ ಹೆಂಡತಿ. ಇಳಕಲ್ ಸೀರೆಯ ಉಡಿಯಲ್ಲಿ ಜೋಳ ತುಂಬಿಕೊಂಡು ಕೂರಿಗೆಯ ಬಟ್ಟಲಿಗೆ ಮುಷ್ಟಿಮುಷ್ಟಿಯಾಗಿ ಬಿಡುತ್ತ ಕೂಡುವವಳು ಅವಳು. ಬಟ್ಟಲಿನ ತೂತುಗಳಿಂದ ಕಾಳು ಕೊಳವೆಗಳಲ್ಲಿ ಇಳಿದು ಮಣ್ಣು ಸೇರುತ್ತದೆ. ಮುಂದೆ ಸೀಟಿನ ಮೇಲೆ, ಹಣೆಗೆ ಮೂರು ಬೆರಳು ವಿಭೂತಿ ಎಳೆದ ಕಾಕಾ, ಹಿಂದೆ ಏನಾಗುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡದೆ ಕುಳಿತಿರುತ್ತಿದ್ದ. ಇದಕ್ಕೆ ಊರವರು 'ಕಾಕಾನ ಕೈ ಬಿತ್ತಿಗಿ' ಎಂದು ಹೆಸರಿಟ್ಟಿದ್ದರು. ಸುಳ್ಳೇಕೆ ಹೇಳಲಿ, ನಾನೂ ಹಾಗೇ ಅನ್ನುತ್ತಿದ್ದೆ.

ಹಳೆಯ ಟ್ರ್ಯಾಕ್ಟರ್ ಮೂವತ್ತೈದು ಎಚ್‌ಪಿಯದು. ಒಂದು ಕಾಲಕ್ಕೆ ಅದು ಕೆಂಪಗಿತ್ತಂತೆ. ಅದರ ಎಕ್ಸಿಲರೇಟರ್ ಹಿಡಿಕೆ ಎಂದೋ ಸಡಿಲಾಗಿ ಜಾರತೊಡಗಿದಾಗ ಕಾಕಾ ಅದನ್ನು ತಂತಿಯಿಂದ ಒಂದೇ ಕಡೆ ಬಿಗಿದು ಕಟ್ಟಿಬಿಟ್ಟಿದ್ದ. ಅಂದಿನಿಂದ ಇಪ್ಪತ್ತು ವರ್ಷ ಆ ಗಾಡಿ ಹೊಲದಲ್ಲಿ ಒಂದೇ ನಡಿಗೆ ನಡೆಯಿತು. ಜೋರಾಗಿ ಹೋಗು ಅಂದರೆ ಅದಕ್ಕೆ ಬರುತ್ತಲೇ ಇರಲಿಲ್ಲ. ಕಾಕುವಿನ ಕೈ ಆ ನಡಿಗೆಗೆ ಎಷ್ಟು ಒಗ್ಗಿತ್ತೆಂದರೆ, ಕಣ್ಣು ಮುಚ್ಚಿ ಕಾಳು ಬಿಟ್ಟರೂ ಗೇಣಿಗೊಂದು ಸಸಿ ಏಳುತ್ತಿತ್ತು.

ಇಂಥ ಗಾಡಿಯನ್ನು ಬದಲಿಸುವ ಅಗತ್ಯ ಹೊಲಕ್ಕೂ ಇರಲಿಲ್ಲ, ಜೋಳಕ್ಕೂ ಇರಲಿಲ್ಲ. ಕಾಕಾನ ಮಾನಕ್ಕೆ ಮಾತ್ರ ಇತ್ತು. ಮೇಲಿನ ಓಣಿಯ ಖಾದರಸಾಬ ಐವತ್ತು ಎಚ್‌ಪಿಯ ಹೊಸ ಟ್ರ್ಯಾಕ್ಟರ್ ತಂದಿದ್ದ. ಒಂದು ದಿನ ಹುನಗುಂದದ ಪೇಟೆಯಿಂದ ಬರುವಾಗ, ಏರಿನಲ್ಲಿ ಏದುಸಿರು ಬಿಡುತ್ತಿದ್ದ ಕಾಕಾನ ಗಾಡಿಯನ್ನು ಹಿಂದೆ ಹಾಕಿ ಹೋದ. ಅಂದು ಸಂಜೆ ಕಾಕಾ ರೊಟ್ಟಿ ಮುಟ್ಟಲಿಲ್ಲ. ನಮ್ಮ ಮನೆಯ ತನಕ ಬಂದು ಜಗಲಿಯ ಮೇಲೆ ಕುಕ್ಕರಿಸಿದ.

"ಹಿಂದ ಹಾಕಿದ್ದು ಹೋಗ್ಲಿ ಅಕ್ಕೋರ. ಇಂಜಿನ್ ದೊಡ್ಡದೈತಿ, ಹಾಕ್ತಾನ. ಆದ್ರ ಕೈ ಮಾಡಿದ ನೋಡ್ರಿ! ನನ್ನ ಮಾರಿ ನೋಡಿ, ನಕ್ಕು, ಟಾಟಾ ಹೇಳಿದಂಗ ಕೈ ಮಾಡಿದ!"

"ಮಾಡಿದ್ರ ಏನಾತು ಕಾಕಾ?"

"ನಿಮಗೇನ್ ತಿಳೀತೈತಿ" ಎಂದು ಎದ್ದುಹೋದ.

ಹದಿನೈದು ದಿನದಲ್ಲಿ ನಾವು ಮೂವರೂ ಬಾಗಲಕೋಟೆ ನವನಗರದ ಶೋರೂಮಿನಲ್ಲಿದ್ದೆವು. ಇಂಗ್ಲಿಷ್ ಕಾಗದ ಓದಲಿಕ್ಕೆ ನಾನು, ಮುಹೂರ್ತಕ್ಕೆ ಮುತ್ತೈದೆ ಬೇಕೆಂದು ಕಾಕು. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ವ್ಯವಸ್ಥೆ. ಇಸ್ತ್ರಿ ಅಂಗಿಯ ಮಾರಾಟಗಾರ ಹಳೆಯ ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಬೆರಳ ತುದಿಯಿಂದ ತಂತಿ ಮುಟ್ಟಿ, "ಏನ್ರಿ ಯಜಮಾನ್ರ ಇದು?" ಎಂದ.

"ಅದು ಸೆಟ್ಟಿಂಗ್" ಎಂದ ಕಾಕಾ, ಗಂಭೀರವಾಗಿ.

ಹೊಸದು ಐವತ್ತೈದು ಎಚ್‌ಪಿ. ಖಾದರಸಾಬನದಕ್ಕಿಂತ ಐದು ಹೆಚ್ಚು. ಆ ಐದು ಎಚ್‌ಪಿಯಿಂದ ಏನು ಕೆಲಸವಾಗುತ್ತದೆ ಎಂದು ಕಾಕಾ ಕೇಳಲಿಲ್ಲ, ಅವನಿಗೆ ಗೊತ್ತಿತ್ತು. ನೀಲಿ ಬಣ್ಣ, ಮೇಲೆ ನೆರಳಿಗೆ ಟಪ, ಟಪದ ಒಳಗೆ ಎರಡು ಸ್ಪೀಕರು. ಬೀಜವನ್ನು ತಾನೇ ಲೆಕ್ಕ ಹಾಕಿ ಬಿಡುವ ಯಂತ್ರವೂ ಇದೆ, ತೋರಿಸಲೇ ಎಂದು ಮಾರಾಟಗಾರ ಕೇಳಿದಾಗ ಕಾಕಾ ಉರಿದುಬಿದ್ದ.

"ಮಷೀನಿಗೇನ್ ಗೊತ್ತೈತ್ರಿ ಬಿತ್ತಿಗಿ? ಹುನಗುಂದ ಕಡೆ ಬಂದು ಕೇಳ್ರಿ. ನಂದು ಕೈ ಬಿತ್ತಿಗಿ!"

ಕಾಕು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಆ ಇಡೀ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ತಮ್ಮಾ, ಹಿಂದ ಕುಂತಾವರ ದನಿ ಮುಂದ ಕೇಳಸ್ತೈತೇನು?"

ಮಾರಾಟಗಾರ ನಕ್ಕುಬಿಟ್ಟ. "ಹಾಡು ಹಚ್ಚಿದ್ರ ಯಾರ ದನೀನೂ ಕೇಳಸಂಗಿಲ್ಲ ಬಿಡಬೇ. ಭಾರೀ ಸೌಂಡ್ ಐತಿ." ಕಾಕಾನೂ ನಕ್ಕ. ನಾನೂ ನಕ್ಕೆ ಅಂತ ನೆನಪು.

ಮೊದಲು ಬನಶಂಕರಿಯ ಗುಡಿ. ತಾಯಿಯ ಎದುರು ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ವಿಭೂತಿ ಎಳೆದು, ಬಾದಾಮಿಯಿಂದ ಊರಿನ ತನಕ ಕಾಕಾ ಎರಡು ಎತ್ತಿನ ಬಂಡಿ, ಒಂದು ಸೈಕಲ್ಲು ಮತ್ತು ನಿಂತಿದ್ದ ಒಂದು ಬಸ್ಸನ್ನು ಹಿಂದೆ ಹಾಕಿದ. ಎಲ್ಲರಿಗೂ ಕೈ ಮಾಡಿದ. ಊರಿಗೆ ಬಂದವನು ನೇರವಾಗಿ ಖಾದರಸಾಬನ ಬಾಗಿಲ ಮುಂದೆ ನಿಲ್ಲಿಸಿ ಹಾರ್ನ್ ಬಾರಿಸಿದ. ಖಾದರಸಾಬ ಮನೆಯಲ್ಲಿರಲಿಲ್ಲ.

ಆ ಹಿಂಗಾರಿಯ ಮೊದಲ ಬಿತ್ತಿಗೆಗೆ ನನ್ನ ಹೊಲವೇ ಆಯ್ಕೆಯಾಯಿತು. "ಅಕ್ಕೋರ ಹೊಲ ರಸ್ತೇಕ ಹತ್ತೇತಿ. ಹೋಗಬರೂ ಮಂದಿಗೆ ಕಾಣಸ್ತೈತಿ" ಎಂದ ಕಾಕಾ. ಮೂರ್ಖಳು ನಾನು, ಉಬ್ಬಿಹೋಗಿ ಮಂದಿಗೆಲ್ಲ ಪೇಢೆ ಹಂಚಿದೆ. ಒಮ್ಮೆಗೆ ನಾಲ್ಕು ಸಾಲು ಬಿತ್ತುವ ನಾಲ್ಕು ತಾಳಿನ ಕೂರಿಗೆಯ ಜಾಗದಲ್ಲಿ ಏಳು ತಾಳಿನ ಕೂರಿಗೆ ಬಂದಿತ್ತು. ಹಲಗೆಯ ಮೇಲೆ ಅದೇ ಕಾಕು, ಅವಳಿಗೆ ಅವೇ ಎರಡು ಕೈ. ಸ್ಪೀಕರಿನಲ್ಲಿ ಹಾಡು ಶುರುವಾಯಿತು, ಗಾಡಿ ಹಾರಿತು. ಒಡ್ಡಿನ ಮೇಲೆ ನಿಂತ ನನಗೆ ಕಾಕು ಬಾಯಿ ತೆರೆದು ಏನೋ ಕೂಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕಾಕಾನಿಗೆ ಕಾಣುತ್ತಲೂ ಇರಲಿಲ್ಲ. ನಾನು ಕೈ ಬೀಸಿ ನಿಲ್ಲಿಸು ಎಂದು ಸನ್ನೆ ಮಾಡಿದೆ. ಅವನು ಹಲ್ಲು ಕಿರಿದು ನನಗೂ ಕೈ ಮಾಡಿದ. ದಿನವಿಡೀ ಆಗುವ ಕೆಲಸ ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ಮುಗಿಯಿತು.

"ನೋಡಿದ್ರಿ ಅಕ್ಕೋರ? ತಾಕತ್ತು ಅಂದ್ರ ಇದು!"

ಕಾಕು ಹಲಗೆಯಿಂದ ಇಳಿದು, ಉಡಿಯಲ್ಲಿ ಇನ್ನೂ ಉಳಿದಿದ್ದ ಜೋಳವನ್ನು ನನ್ನ ಮುಂದೆ ಚೀಲಕ್ಕೆ ಸುರಿದಳು. ಉಳಿಯಬಾರದಿತ್ತು ಅಷ್ಟು. ನಾನು ಅಕ್ಕೋರು, ನನಗೇನು ತಿಳಿಯುತ್ತದೆ.

ಮರುದಿನದಿಂದ ಜಿಟಿಜಿಟಿ ಮಳೆ ಹಿಡಿದು ಐದು ದಿನ ಯಾರೂ ಹೊಲಕ್ಕೆ ಇಳಿಯಲಿಲ್ಲ. ಆರನೇ ದಿನ ಬಿಸಿಲು ಬಿದ್ದಾಗ ನನ್ನ ನಾಲ್ಕು ಎಕರೆ ಕಣ್ಣು ಬಿಟ್ಟಿತು. ಅಬ್ಬಾ, ಏನು ಹೇಳಲಿ! ಇಲ್ಲಿ ಒಂದು ಮಾರು ಏನೂ ಇಲ್ಲ, ಅಲ್ಲಿ ಒಂದು ಗೇಣಿನಲ್ಲಿ ಇಪ್ಪತ್ತು ಸಸಿ. ನಾಲ್ಕನೇ ಇಯತ್ತೆಯ ಹುಡುಗರು ಬರೆದ ಶುದ್ಧಬರಹದ ಹಾಗಿತ್ತು. ಅಪ್ಪ ಇದ್ದಾಗಿನಿಂದ ಆ ಹೊಲ ಒಮ್ಮೆಯೂ ಹಾಗೆ ಬೋಳು ಬಿದ್ದಿರಲಿಲ್ಲ. ನನಗೆ ಅಳುವೇ ಬಂತು. ಹೊಲ ರಸ್ತೆಗೆ ಹತ್ತಿಕೊಂಡಿತ್ತಲ್ಲ, ಹೋಗಿಬರುವ ಮಂದಿಗೆಲ್ಲ ಕಂಡಿತು. ಕಾಕಾನಿಗೆ ಬಿತ್ತಿಗೆ ಹೇಳಿಟ್ಟಿದ್ದ ಇಬ್ಬರು ಅಂದೇ ಸಂಜೆ ಮೆಲ್ಲಗೆ ಖಾದರಸಾಬನ ಓಣಿಯ ಕಡೆ ನಡೆದರು.

ಕಾಕಾ ಬಂದು ಒಡ್ಡಿನ ಮೇಲೆ ನಿಂತ. ಕಾಕುವೂ ಬಂದಳು.

"ಬೀಜ ಖರಾಬ್ ಅದಾವು" ಎಂದ ಕಾಕಾ.

"ನಿಮ್ಮ ಮನಿ ಬೀಜ ಕಾಕಾ. ನೀನ ಕೊಟ್ಟಿದ್ದು."

"ಹಂಗಾರ ಇರಿವಿ ತಿಂದಾವು. ಇಲ್ಲಾ ಪಾರಿವಾಳ." ಮುಗಿಲ ಕಡೆ ನೋಡಿ, "ಮಳಿನೂ ತಪ್ಪ ವ್ಯಾಳ್ಯಾದಾಗ ಬಂತು" ಎಂದ.

ಕಾಕು ಒಡ್ಡಿನ ಗುಂಟ ನಡೆದು ಹೊಲದ ಮೂಲೆಗೆ ಹೋಗಿ ನಿಂತಳು. ಟ್ರ್ಯಾಕ್ಟರ್ ತಿರುಗಿಸುವ ಜಾಗ ಅದು. ಅಲ್ಲಿ ಮಾತ್ರ ಗೇಣಿಗೊಂದು ಸಸಿ, ಏಳೂ ಸಾಲು ಲಕ್ಷಣವಾಗಿ ಎದ್ದಿದ್ದವು. ಎದುರಿನ ಮೂಲೆಯಲ್ಲೂ ಹಾಗೇ.

"ಗಾಡಿ ಎಲ್ಲೆಲ್ಲಿ ಸಾವಕಾಶ ಆಗೇತಿ, ಅಲ್ಲೆಲ್ಲಾ ನನ್ನ ಕೈ ಮುಟ್ಟೇತಿ ನೋಡ್ರಿ" ಎಂದಳು. ದನಿ ಏರಿಸಲಿಲ್ಲ.

ಕಾಕಾ ಆ ಮೂಲೆಯನ್ನು ನೋಡಿದ, ಈ ಮೂಲೆಯನ್ನು ನೋಡಿದ, ಕೈಗಡಿಯಾರ ನೋಡಿಕೊಂಡು, ಏನೋ ಕೆಲಸ ನೆನಪಾದವನಂತೆ ಹೊರಟುಹೋದ. ಅವನ ಇಪ್ಪತ್ತು ವರ್ಷದ ಹೆಸರಿನ ಗುಟ್ಟು ನನಗೆ ಅಂದು ತಿಳಿಯಿತು: ಜೋರಾಗಿ ಓಡಲು ಬಾರದ ಒಂದು ಗಾಡಿ, ಮತ್ತು ಯಾರೂ ಹೆಸರು ಹೇಳದ ಒಂದು ಕೈ. ಗಾಡಿಯನ್ನು ನವನಗರದಲ್ಲಿ ಕೊಟ್ಟು ಬಂದಿದ್ದೆವು.

"ಕಾಕು, ಮಂದಿಗೆ ಹೇಳಬಾರದೇನು ಇದನ್ನ? ಇಷ್ಟ ವರ್ಷ ಅವನ ಕೈ, ಅವನ ಕೈ ಅಂತ ಹಾಡ್ಯಾರಲ್ಲ!" ಎಂದು ನಾನು ಕುದಿದೆ.

"ಹೇಳಿ ಏನ್ ಮಾಡೂದೈತವ್ವಾ? ಜ್ವಾಳಕ್ಕ ಗೊತ್ತೈತಿ" ಎಂದಳು.

ಮಳೆಯಿಂದ ಹದ ಇನ್ನೂ ಉಳಿದಿತ್ತು, ಆದರೆ ಬಿಸಿಲಿಗೆ ಎಷ್ಟು ದಿನ? ಎದ್ದ ಸಸಿಗಳನ್ನು ಅಳಿಸಿ, ಹೊಲ ಹರಗಿ ಮತ್ತೆ ಬಿತ್ತಬೇಕಿತ್ತು. ಕಾಕಾ ಬರುತ್ತಾನೋ ಇಲ್ಲವೋ ಎಂದು ನನಗೆ ಗ್ಯಾರಂಟಿ ಇರಲಿಲ್ಲ. ಬಂದರೆ ಮೊದಲ ಬಿತ್ತಿಗೆ ತಪ್ಪಿತೆಂದು ಒಪ್ಪಿಕೊಂಡ ಹಾಗಲ್ಲವೇ? ಸಾಲೆಗೆ ರಜೆ ಹಾಕಿ, ಖಾದರಸಾಬನನ್ನೇ ಕರೆಯೋಣ ಎಂದು ಮನೆಯಿಂದ ಹೊರಬಿದ್ದರೆ, ನೀಲಿ ಟ್ರ್ಯಾಕ್ಟರ್ ಆಗಲೇ ನನ್ನ ಹೊಲದಲ್ಲಿ ನಿಂತಿತ್ತು. ಹರಗಿ ಮುಗಿದಿತ್ತು. ಸ್ಪೀಕರುಗಳ ವೈರು ಕಿತ್ತು ಜೋತುಬಿದ್ದಿತ್ತು. ಹಿಂದೆ ನಾಲ್ಕು ತಾಳಿನ ಹಳೆಯ ಕೂರಿಗೆ. ಕಾಕಾನ ಎಡ ರಟ್ಟೆಗೆ ಒಂದು ಹಗ್ಗ ಕಟ್ಟಿತ್ತು, ಅದರ ಇನ್ನೊಂದು ತುದಿ ಕಾಕುವಿನ ಕೈಯಲ್ಲಿತ್ತು.

ಎತ್ತಿನ ಮೂಗುದಾಣ ಅದು. ಮೊದಲ ಟ್ರ್ಯಾಕ್ಟರ್ ಬಂದ ವರ್ಷ ಎತ್ತು ಮಾರಿದ ಮೇಲೆ ಗೂಟಕ್ಕೆ ತೂಗಿಬಿಟ್ಟಿದ್ದದ್ದು.

"ಏನ್ ಕಾಕಾ ಇದು?"

"ಹೊಸಾ ಟೆಕ್ನಿಕ್" ಎಂದ, ನನ್ನ ಮುಖ ನೋಡದೆ. "ಒಂದ ಸಲ ಜಗ್ಗಿದ್ರ ಸಾವಕಾಶ. ಎರಡ ಸಲ ಜಗ್ಗಿದ್ರ ನಿಲ್ಲೂದು. ಮೂರ ಸಲ ಜಗ್ಗಿದ್ರ ಜೋರ ಹೋಗೂದು." ಹಗ್ಗದ ಗಂಟನ್ನು ತಾನೇ ಇನ್ನೊಮ್ಮೆ ಬಿಗಿದುಕೊಂಡ.

ಅಂದು ನನ್ನ ಹೊಲ ಬಿತ್ತಲು ಸಂಜೆಯ ತನಕ ಹಿಡಿಯಿತು. ಐವತ್ತೈದು ಎಚ್‌ಪಿಯ ಗಾಡಿ ಹಳೆಯ ಗಾಡಿಗಿಂತಲೂ ಸಾವಕಾಶವಾಗಿ ನಡೆಯಿತು. ಅಷ್ಟು ತಾಕತ್ತನ್ನು ತಡೆಹಿಡಿಯಲಿಕ್ಕೂ ತಾಕತ್ತು ಬೇಕಲ್ಲ, ಅದು ಕಾಕುವಿನ ಹತ್ತಿರ ಇತ್ತು. ಆ ವರ್ಷದ ಜೋಳದ ತೆನೆ ನೋಡಲು ಮಂದಿ ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು.

ಊರಿಗೆ ನಗಲು ಆ ಹಗ್ಗ ಸಾಕಾಯಿತು. ಚಹಾದಂಗಡಿಯಲ್ಲಿ ಒಬ್ಬ, "ಏನ್ಲೇ, ಹೇಣ್ತಿ ಮೂಗುದಾಣ ಹಾಕ್ಯಾಳಂತಲ್ಲ?" ಎಂದು ಕೇಳಿದಾಗ ಕಾಕಾ ಒಂಚೂರೂ ಅಳುಕಲಿಲ್ಲ. "ತಾಕತ್ತಿದ್ದ ಎತ್ತಿಗೆ ಹಾಕ್ತಾರಲೇ ಮೂಗುದಾಣ. ನಿನ್ನಂಥಾ ಕರಕ್ಕ ಯಾರ ಹಾಕ್ತಾರ?" ಎಂದ. ಆಮೇಲೆ ಅದೇ ಅಂಗಡಿಯಲ್ಲಿ 'ಕಾಕಾನ ಕೈ ಬಿತ್ತಿಗಿ'ಯ ಹೊಗಳಿಕೆ ಮತ್ತೆ ಶುರುವಾಯಿತು. ಕಾಕಾ ಅದನ್ನೂ ಅಷ್ಟೇ ನಿರಾಳವಾಗಿ ಸ್ವೀಕರಿಸಿದ. ಮೂರು ಹಿಂಗಾರಿ ಹೀಗೇ ನಡೆಯಿತು. ಪ್ರತಿ ಸಲ ಹಗ್ಗವನ್ನು ಗೂಟದಿಂದ ತಂದು ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದವನು ಅವನೇ. "ಮೂರ ಸಲ ಅಂತೂ ಆಕಿ ಒಮ್ಮಿನೂ ಜಗ್ಗಲಿಲ್ಲ ಅಕ್ಕೋರ" ಎಂದು ನನ್ನ ಹತ್ತಿರ ದೂರು ಹೇಳಿದ್ದೂ ಉಂಟು.

ಹೋದ ಆಷಾಢದಲ್ಲಿ ಕಾಕಾನಿಗೆ ಉಸಿರಾಟದ ತ್ರಾಸು ಹೆಚ್ಚಾಗಿ ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದರು. ನಾನು ನೋಡಲು ಹೋದಾಗ ಗಾಲಿಯ ಗಾಳಿ ಹೋದ ಹಾಗೆ ಇಳಿದುಹೋಗಿದ್ದ. ಆದರೂ ಡಾಕ್ಟರ ಮಷೀನು ತಪ್ಪು ತೋರಿಸುತ್ತಿದೆ ಎಂದು ನನಗೆ ವಿವರಿಸಲು ಹೊರಟ. 'ಹೌದು ಕಾಕಾ' ಎಂದೆ, ಮೊದಲ ಸಲ. ಮಾತಿನ ಭರಕ್ಕೆ ಉಸಿರು ಏರತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಕಾಕು ಅವನ ಅಂಗಿಯ ಎಡ ತೋಳನ್ನು ಹಿಡಿದು ಒಂದು ಸಲ ಮೆಲ್ಲಗೆ ಜಗ್ಗಿದಳು.

ಕಾಕಾ ಮಾತು ನಿಲ್ಲಿಸಿದ. ಸಾವಕಾಶ ಉಸಿರಾಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವನು ತಿರುಗಿ ಅವಳನ್ನು ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಎರಡ ಸಲ ಜಗ್ಗಬ್ಯಾಡ ಮತ್ತ. ನಿಂತೇ ಬಿಡ್ತೇನಿ" ಎಂದ.

"ನಾ ಜಗ್ಗಂಗಿಲ್ಲ" ಎಂದಳು ಕಾಕು.

ನಾನು ಹಣ್ಣು ಹೆಚ್ಚುವ ನೆಪ ಮಾಡಿ ಕಿಟಕಿಯ ಕಡೆ ಹೋದೆ. ಹತ್ತು ದಿನಕ್ಕೆ ಕಾಕಾ ಹೋದ.

ಈ ವರ್ಷ ಮಳೆ ನಿಂತು ನೆಲ ಹದಕ್ಕೆ ಬಂದ ದಿನ, ಕರೆಯದಿದ್ದರೂ ಖಾದರಸಾಬ ಕಾಕುವಿನ ಅಂಗಳಕ್ಕೆ ಬಂದು ನಿಂತ. "ಕಾಕೂ, ಬಿತ್ತಿಗಿ ಮುಗಿಯೂತನಕ ನಿಮ್ಮ ಗಾಡಿ ನಾ ಹೊಡೀತೇನಿ" ಎಂದ. ಮೊದಲು ನನ್ನ ಹೊಲ. ಕಾಕು ಹಲಗೆ ಏರುವ ಮುಂಚೆ ಮೂಗುದಾಣ ತೆಗೆದಳು. ಖಾದರಸಾಬ ತಾನೇ ಎಡಗೈ ಚಾಚಿದ. ಅವಳು ಗಂಟು ಹಾಕುವಾಗ ನನಗೆ ತಡೆಯಲಾಗಲಿಲ್ಲ.

"ಖಾದರಣ್ಣ, ಅವತ್ತ ಏರಿನಾಗ ಕಾಕಾಗ ಯಾಕ ಕೈ ಮಾಡಿದ್ಯೋ? ಅದಕ್ಕ ಇಷ್ಟೆಲ್ಲಾ ಆತು ನೋಡು."

ಅವನು ಕಕ್ಕಾಬಿಕ್ಕಿಯಾದ. "ಸಲಾಂ ಮಾಡಿದ್ದೆ ಅಕ್ಕೋರ! ದೊಡ್ಡಾವರನ್ನ ಹಿಂದ ಹಾಕಿ ಹೋಗಾಕತ್ತೇನಿ, ಸಲಾಂ ಮಾಡಲಾರದ ಹೆಂಗ ಹೋಗಲಿ?"

ಕಾಕು ನಕ್ಕಳು. ಕಾಕಾ ಮಣ್ಣಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ಇದನ್ನ ಅವ್ರಿಗೆ ಹೇಳಿದ್ರ, 'ಸಲಾಂ ನೆಟ್ಟಗ ಮಾಡಬೇಕಿತ್ತು' ಅಂತಿದ್ರು" ಎಂದು ಉಡಿಗೆ ಜೋಳ ತುಂಬಿಕೊಂಡು ಹಲಗೆ ಏರಿದಳು.

ಗಾಡಿ ಹೊರಟಿತು, ಸಾವಕಾಶ. ಮೊದಲನೇ ಸಾಲು ಅರ್ಧ ಮುಗಿದಿತ್ತೋ ಇಲ್ಲವೋ, ಗಕ್ಕನೆ ನಿಂತಿತು. ಖಾದರಸಾಬ ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ನಾನು ಒಡ್ಡು ಇಳಿದು ಕರಿಮಣ್ಣಿನಲ್ಲೇ ಓಡಿದೆ.

"ಏನಾತು ಕಾಕು? ಕಾಳು ಸಿಕ್ಕೊಂಡ್ವೇನು?"

"ಏನಿಲ್ಲವ್ವಾ." ಕಾಕು ಉಡಿಯ ಜೋಳದಲ್ಲಿ ಕೈಯಾಡಿಸಿದಳು. "ಎರಡ ಸಲ ಜಗ್ಗಿದ್ರ ಇವ ನಿಲ್ತಾನೋ ಇಲ್ಲೋ ನೋಡಿದೆ. ಅವ್ರು ನಾ ಜಗ್ಗಲಾರದನ ನಿಂತ್ರು."